ಶುದ್ಧ ಆಹಾರದ ಕಾಯಿದೆಯನ್ನು ಬೇಡಿದ ವರ್ತಕರು

ಹೊಸ ಕಾಯಿದೆಯೊಂದು ಬರಲಿದೆ ಎಂಬ ಸುದ್ದಿ ಹಬ್ಬಿದೊಡನೆ ವರ್ತಕ ಸಮುದಾಯದಲ್ಲಿ ಮೊದಲು ಕೇಳಿಬರುವುದು ವಿರೋಧದ ದನಿ. ಪರವಾನಗಿ, ತಪಾಸಣೆ, ದಂಡ, ಕಡತಗಳ ಅನುಭವ ನಮ್ಮ ಸದಸ್ಯರಿಗೆ ಸಾಕಷ್ಟು ಆಗಿರುವುದರಿಂದ ಈ ಪ್ರತಿಕ್ರಿಯೆ ಅಸಹಜವೇನಲ್ಲ. ಆದರೆ ಕಾಯಿದೆ ಬೇಕೆಂದು ವರ್ತಕರೇ ಸರಕಾರದ ಬಾಗಿಲು ತಟ್ಟಿದ ಪ್ರಸಂಗಗಳೂ ಚರಿತ್ರೆಯಲ್ಲಿವೆ. 1906ರ ಜೂನ್ 30ರಂದು ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಒಂದೇ ದಿನ ಸಹಿ ಹಾಕಿದ ಎರಡು ಕಾಯಿದೆಗಳು, ಅಂದರೆ ಶುದ್ಧ ಆಹಾರ ಮತ್ತು ಔಷಧ ಕಾಯಿದೆ ಹಾಗೂ ಮಾಂಸ ತಪಾಸಣಾ ಕಾಯಿದೆ, ಅಂತಹ ಪ್ರಸಂಗಕ್ಕೆ ಉತ್ತಮ ನಿದರ್ಶನ.

ಈ ಕಾಯಿದೆಗಳ ಕಥೆಯನ್ನು ಸಾಮಾನ್ಯವಾಗಿ ಹೇಳುವ ರೀತಿ ಇದು. ರೈಲ್ವೆ ದರ, ಏಕಸ್ವಾಮ್ಯ ಕಂಪನಿಗಳು, ನಗರಾಡಳಿತದ ಭ್ರಷ್ಟಾಚಾರ ಇವೆಲ್ಲದರ ವಿರುದ್ಧ ಅಮೆರಿಕದಲ್ಲಿ ಸುಧಾರಣೆಯ ಗಾಳಿ ಬೀಸುತ್ತಿದ್ದ ಕಾಲವದು. ಅಪ್ಟನ್ ಸಿಂಕ್ಲೇರ್ ಎಂಬ ಸಮಾಜವಾದಿ ಲೇಖಕ ಶಿಕಾಗೋದ ಕಸಾಯಿಖಾನೆಗಳ ಕಾರ್ಮಿಕರ ಬವಣೆಯನ್ನು ಕುರಿತು ‘ದಿ ಜಂಗಲ್’ ಎಂಬ ಕಾದಂಬರಿ ಬರೆದ. 1906ರಲ್ಲಿ ಅದು ಪುಸ್ತಕರೂಪದಲ್ಲಿ ಹೊರಬಂದಾಗ ಓದುಗರನ್ನು ಬೆಚ್ಚಿಬೀಳಿಸಿದ್ದು ಕಾರ್ಮಿಕರ ಕಷ್ಟವಲ್ಲ, ತಮ್ಮ ತಟ್ಟೆಗೆ ಬರುತ್ತಿದ್ದ ಮಾಂಸದ ಹೊಲಸು. ರೂಸ್‌ವೆಲ್ಟ್ ಅವರು ಚಾರ್ಲ್ಸ್ ನೀಲ್ ಮತ್ತು ಜೇಮ್ಸ್ ರೆನಾಲ್ಡ್ಸ್ ಎಂಬಿಬ್ಬರನ್ನು ಶಿಕಾಗೋಗೆ ಕಳುಹಿಸಿ ತನಿಖೆ ನಡೆಸಿದರು, ಅವರ ವರದಿ ಕಾದಂಬರಿಯ ಮಾತನ್ನು ಬಹುಮಟ್ಟಿಗೆ ಪುಷ್ಟೀಕರಿಸಿತು, ಕಾಯಿದೆಯಾಯಿತು. ಈ ಕಥೆ ಸುಳ್ಳಲ್ಲ, ಆದರೆ ಅರ್ಧ ಮಾತ್ರ.

ಇನ್ನರ್ಧವು ರಫ್ತು ವ್ಯಾಪಾರದಿಂದ ಆರಂಭವಾಗುತ್ತದೆ. 1879ರಿಂದ ಮೊದಲ್ಗೊಂಡು ಇಟಲಿ, ಫ್ರಾನ್ಸ್, ಜರ್ಮನಿ ಮುಂತಾದ ದೇಶಗಳು ಅಮೆರಿಕದ ಹಂದಿಮಾಂಸದಲ್ಲಿ ರೋಗಕಾರಕ ಹುಳುಗಳಿವೆ ಎಂಬ ಕಾರಣ ನೀಡಿ ಅದರ ಆಮದನ್ನು ಒಂದರ ಹಿಂದೊಂದರಂತೆ ನಿಷೇಧಿಸಿದವು. ತಮ್ಮ ರೈತರ ಹಿತರಕ್ಷಣೆಯೂ ಆ ದೇಶಗಳ ಉದ್ದೇಶವಾಗಿತ್ತೆನ್ನಿ. ನಿಷೇಧವನ್ನು ತೆಗೆಸಬೇಕಾದರೆ ಸರಕಾರದ ಮುದ್ರೆ ಅಗತ್ಯವಾಗಿತ್ತು. ಆದ್ದರಿಂದಲೇ 1890 ಮತ್ತು 1891ರಲ್ಲಿ, ಸಿಂಕ್ಲೇರ್ ಇನ್ನೂ ಬಾಲಕನಾಗಿದ್ದಾಗ, ಮುಖ್ಯವಾಗಿ ರಫ್ತು ಮಾಂಸವನ್ನು ಗಮನದಲ್ಲಿಟ್ಟುಕೊಂಡು ಅಮೆರಿಕ ತಪಾಸಣಾ ಕಾನೂನುಗಳನ್ನು ಮಾಡಿತು. ದೊಡ್ಡ ಮಾಂಸ ಕಂಪನಿಗಳಿಗೆ ತಪಾಸಣೆ ಹೊರೆಯಾಗಿರಲಿಲ್ಲ. ಪರದೇಶದ ಮಾರುಕಟ್ಟೆಗೆ ಅದೇ ರಹದಾರಿಯಾಗಿತ್ತು. ದೊಡ್ಡ ಉದ್ಯಮಗಳು ನಿಯಂತ್ರಣವನ್ನು ಸಹಿಸಿಕೊಂಡಿದ್ದಷ್ಟೇ ಅಲ್ಲ, ಬಯಸಿದ್ದವು ಎಂಬ ವಾದವನ್ನು ಇತಿಹಾಸಕಾರ ಗೇಬ್ರಿಯಲ್ ಕೋಲ್ಕೋ 1963ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ಮಂಡಿಸಿದ್ದಾರೆ. ಆ ವಾದವನ್ನು ಅವರು ಸ್ವಲ್ಪ ದೂರವೇ ಎಳೆದಿದ್ದಾರೆಂದು ನನ್ನ ಅನಿಸಿಕೆ. ಆದರೂ ಮಾಂಸದ ವಿಷಯದಲ್ಲಿ ಅದನ್ನು ತಳ್ಳಿಹಾಕುವುದು ಕಷ್ಟ.

ಇತರ ಆಹಾರ ಪದಾರ್ಥಗಳ ವಿಷಯದಲ್ಲಿ ಮುಂದಾಳಾಗಿದ್ದವರು ಕೃಷಿ ಇಲಾಖೆಯ ಮುಖ್ಯ ರಸಾಯನಶಾಸ್ತ್ರಜ್ಞ ಹಾರ್ವೆ ವೈಲಿ. 1902ರಲ್ಲಿ ಅವರು ಹನ್ನೆರಡು ಮಂದಿ ಯುವ ಸ್ವಯಂಸೇವಕರಿಗೆ ಬಿಳಿಗಾರ, ಫಾರ್ಮಾಲ್ಡಿಹೈಡ್‌ನಂತಹ ಸಂರಕ್ಷಕಗಳನ್ನು ಊಟದೊಡನೆ ಕೊಟ್ಟು ಪರಿಣಾಮವನ್ನು ದಾಖಲಿಸುವ ಪ್ರಯೋಗ ಆರಂಭಿಸಿದರು. ಪತ್ರಿಕೆಗಳು ಅದಕ್ಕೆ ‘ವಿಷದ ಪಡೆ’ ಎಂದು ಹೆಸರಿಟ್ಟವು. ವೈಲಿಯವರ ಬೆಂಬಲಕ್ಕೆ ನಿಂತವರಲ್ಲಿ ಪಿಟ್ಸ್‌ಬರ್ಗ್‌ನ ಉದ್ಯಮಿ ಹೆನ್ರಿ ಹೈಂಜ್ ಪ್ರಮುಖರು. ಅಂದಿನ ಅನೇಕ ತಯಾರಕರು ಡಬ್ಬಿ ತುಂಬಿದ ಮೇಲೆ ಉಳಿದ ಟೊಮೆಟೊ ಚೂರುಗಳಿಂದ ಕೆಚಪ್ ತಯಾರಿಸಿ, ಅದು ಕೆಡದಂತೆ ಬೆಂಜೋಯೇಟ್ ಬೆರೆಸುತ್ತಿದ್ದರು. ಹೈಂಜ್ ಕಂಪನಿ ಮಾಗಿದ ಹಣ್ಣು, ಹೆಚ್ಚು ವಿನಿಗರ್ ಮತ್ತು ಸಕ್ಕರೆ ಬಳಸಿ, ಶುಚಿಯಾದ ಕಾರ್ಖಾನೆಯಲ್ಲಿ ಸಂರಕ್ಷಕವಿಲ್ಲದ ಕೆಚಪ್ ತಯಾರಿಸುವ ವಿಧಾನ ಕಂಡುಕೊಂಡಿತು. ಅದರ ಬೆಲೆ ಹೆಚ್ಚು. ಅಗ್ಗದ ಸರಕಿಗೂ ತನ್ನ ಸರಕಿಗೂ ಇರುವ ವ್ಯತ್ಯಾಸ ಗ್ರಾಹಕನಿಗೆ ತಿಳಿಯದಿದ್ದರೆ ಶುಚಿತ್ವಕ್ಕೆ ಹಾಕಿದ ಬಂಡವಾಳ ನಷ್ಟವೇ ಸರಿ. ಹೈಂಜ್ ಅವರ ಬೆಂಬಲದಲ್ಲಿ ಧರ್ಮಬುದ್ಧಿಯೂ ಇತ್ತು, ಲೆಕ್ಕಾಚಾರವೂ ಇತ್ತು. ಎರಡೂ ಒಟ್ಟಿಗಿರಬಾರದೆಂಬ ನಿಯಮವೇನಿಲ್ಲ.

ಹಾಗೆಂದು ಶುದ್ಧತೆಯ ಹೆಸರಿನಲ್ಲಿ ಬಂದುದೆಲ್ಲವೂ ಶುದ್ಧವಾಗಿರಲಿಲ್ಲ. ಹೈನುಗಾರರ ಒತ್ತಡದಿಂದ 1886ರಲ್ಲಿ ಮಾರ್ಗರೀನ್ ಮೇಲೆ ಪೌಂಡಿಗೆ 2 ಸೆಂಟ್ ತೆರಿಗೆ ಬಿತ್ತು. 1902ರಲ್ಲಿ ಹಳದಿ ಬಣ್ಣ ಹಾಕಿದ ಮಾರ್ಗರೀನ್‌ಗೆ ಅದು 10 ಸೆಂಟ್‌ಗೆ ಏರಿತು, ಬಣ್ಣವಿಲ್ಲದ್ದಕ್ಕೆ ಕಾಲು ಸೆಂಟ್‌ಗೆ ಇಳಿಯಿತು. ಬೆಣ್ಣೆಗೂ ಬಣ್ಣ ಹಾಕುವ ರೂಢಿ ಇದ್ದೇ ಇತ್ತೆಂಬುದನ್ನು ಯಾರೂ ಕೇಳಲಿಲ್ಲ. ಆ ಕೇಂದ್ರ ತೆರಿಗೆ ರದ್ದಾದುದು 1950ರಲ್ಲಿ. ಪ್ರತಿಸ್ಪರ್ಧಿಯನ್ನು ತುಳಿಯಲು ಸುಧಾರಣೆಯ ಮುಖವಾಡ ತೊಡುವುದು ಅಂದೂ ಇತ್ತು, ಇಂದೂ ಇದೆ.

ಶುದ್ಧ ಆಹಾರ ಕಾಯಿದೆಯಲ್ಲಿ ನಮ್ಮ ಚಿಲ್ಲರೆ ವ್ಯಾಪಾರಿಗಳು ಗಮನಿಸಬೇಕಾದ ಕಲಮು ಒಂದಿದೆ. ತಾನು ಕೊಂಡ ಸಗಟು ವರ್ತಕ ಅಥವಾ ತಯಾರಕ ಸಹಿ ಮಾಡಿದ ಖಾತರಿ ಪತ್ರವನ್ನು ಅಂಗಡಿಯವನು ಹಾಜರುಪಡಿಸಿದರೆ ಅವನ ಮೇಲೆ ಮೊಕದ್ದಮೆ ಹೂಡುವಂತಿರಲಿಲ್ಲ. ಹೊಣೆ ಖಾತರಿ ಕೊಟ್ಟವನದು. ಮುಚ್ಚಿದ ಡಬ್ಬಿಯೊಳಗೆ ಏನಿದೆಯೆಂದು ಕಿರಾಣಿ ಅಂಗಡಿಯವನು ಹೇಗೆ ಬಲ್ಲ? ನ್ಯಾಯೋಚಿತವಾದ ಏರ್ಪಾಡು. ಆದರೆ ತಯಾರಕರು ‘ಕಾಯಿದೆಯನ್ವಯ ಖಾತರಿಪಡಿಸಲಾಗಿದೆ’ ಎಂದು ಲೇಬಲ್ಲಿನ ಮೇಲೆ ಮುದ್ರಿಸತೊಡಗಿದರು. ಸರಕಾರವೇ ಖಾತರಿ ನೀಡಿದೆಯೆಂದು ಜನ ತಿಳಿದರು. ಕಡೆಗೆ ಆ ಒಕ್ಕಣೆಯನ್ನೇ ತೆಗೆಸಬೇಕಾಯಿತು. ಸರಿಯಾಗಿ ನೂರು ವರ್ಷಗಳ ನಂತರ ಬಂದ ನಮ್ಮ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯಲ್ಲಿಯೂ ತಯಾರಕ ಮತ್ತು ವಿತರಕರು ಮಾರಾಟಗಾರನಿಗೆ ಲಿಖಿತ ಖಾತರಿ ಕೊಡಬೇಕು; ಬಿಲ್ ಅಥವಾ ಇನ್‌ವಾಯ್ಸ್ ಅನ್ನೇ ಖಾತರಿಯೆಂದು ಪರಿಗಣಿಸಲಾಗುತ್ತದೆ. ಬಿಲ್ಲಿಲ್ಲದೆ ಸರಕು ಕೊಳ್ಳುವವರು ತೆರಿಗೆ ಉಳಿಯಿತೆಂದು ಸಂತೋಷಪಡುವಾಗ ಈ ರಕ್ಷೆಯನ್ನೂ ಕಳೆದುಕೊಳ್ಳುತ್ತಾರೆ.

ಮಾಂಸ ಕಾಯಿದೆಯಲ್ಲಿ ನಿಜವಾದ ಜಗಳ ನಡೆದದ್ದು ತಪಾಸಣೆ ಬೇಕೇ ಬೇಡವೇ ಎಂಬುದರ ಬಗ್ಗೆ ಅಲ್ಲ, ಖರ್ಚು ಯಾರದೆಂಬುದರ ಬಗ್ಗೆ. ಸೆನೆಟರ್ ಆಲ್ಬರ್ಟ್ ಬೆವರಿಡ್ಜ್ ಅವರ ಮಸೂದೆಯ ಪ್ರಕಾರ ಕಂಪನಿಗಳೇ ಶುಲ್ಕ ಕೊಡಬೇಕಾಗಿತ್ತು, ಡಬ್ಬಿಗಳ ಮೇಲೆ ದಿನಾಂಕ ನಮೂದಿಸಬೇಕಾಗಿತ್ತು. ಕೆಳಮನೆಯ ಕೃಷಿ ಸಮಿತಿಯ ಅಧ್ಯಕ್ಷ ಜೇಮ್ಸ್ ವಾಡ್ಸ್‌ವರ್ತ್ ಕಂಪನಿಗಳ ಪರ ನಿಂತರು. ಕೊನೆಗೆ ವರ್ಷಕ್ಕೆ 30 ಲಕ್ಷ ಡಾಲರನ್ನು ಸರಕಾರದ ಬೊಕ್ಕಸದಿಂದಲೇ ಕೊಡುವುದೆಂದಾಯಿತು. ದಿನಾಂಕದ ಮಾತು ಬಿದ್ದುಹೋಯಿತು. ಮೊದಲನೆಯದು ಸರಿಯೆಂದೇ ನಾನು ಭಾವಿಸುತ್ತೇನೆ. ತಪಾಸಣೆಗೆ ಒಳಗಾಗುವವನು ತಪಾಸಣಾಧಿಕಾರಿಯ ಸಂಬಳ ಕೊಡುವುದು ಇಬ್ಬರಿಗೂ ಒಳ್ಳೆಯದಲ್ಲ. ಎರಡನೆಯದು ದೂರದೃಷ್ಟಿಯಿಲ್ಲದ ಗೆಲುವು: ಹಳೆಯ ದಾಸ್ತಾನಿನಿಂದ ಹೊಸ ಸರಕನ್ನು ಪ್ರತ್ಯೇಕಿಸಿ ತೋರಿಸುವ ಸಾಧನವನ್ನು ಉದ್ಯಮ ತಾನೇ ಕೈಬಿಟ್ಟಿತು. ಇನ್ನೊಂದು ಕೊರತೆಯೂ ಉಳಿಯಿತು. ಒಂದೇ ರಾಜ್ಯದೊಳಗೆ ಕೊಯ್ದು ಮಾರುವ ಮಾಂಸಕ್ಕೆ ಈ ಕಾಯಿದೆ ಅನ್ವಯಿಸುತ್ತಿರಲಿಲ್ಲ. ಅದಕ್ಕೆ ಸಮಾನ ತಪಾಸಣೆ ಕಡ್ಡಾಯವಾಗಲು 1967ರ ತನಕ ಕಾಯಬೇಕಾಯಿತು.

ಸಿಂಕ್ಲೇರ್ ಯಾರಿಗಾಗಿ ಬರೆದನೋ ಆ ಕಾರ್ಮಿಕರಿಗೆ ಈ ಕಾಯಿದೆಗಳಿಂದ ದೊರೆತದ್ದು ಅತ್ಯಲ್ಪ. ಕೂಲಿ, ದುಡಿಮೆಯ ಅವಧಿ, ಅಂಗಹಾನಿ ಯಾವುದರ ಬಗೆಗೂ ಅವುಗಳಲ್ಲಿ ಮಾತಿಲ್ಲ. ಹಿಂದಿನ ವರ್ಷವಷ್ಟೇ, 1905ರಲ್ಲಿ, ನ್ಯೂಯಾರ್ಕಿನ ಬೇಕರಿ ಕೆಲಸಗಾರರಿಗೆ ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆಗಳ ಮಿತಿ ಹಾಕಿದ್ದ ಕಾನೂನನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಲಾಕ್ನರ್ ಮೊಕದ್ದಮೆಯಲ್ಲಿ 5–4ರ ಬಹುಮತದಿಂದ ಅಸಿಂಧುಗೊಳಿಸಿತ್ತು. ಅದೇ ಕಾನೂನಿನ ನೈರ್ಮಲ್ಯದ ನಿಯಮಗಳು ಮಾತ್ರ ಊರ್ಜಿತವಾಗಿಯೇ ಉಳಿದವು. ಬೇಕರಿಯ ಚರಂಡಿಯನ್ನು ಸರಕಾರ ನೋಡಬಹುದಿತ್ತು, ಬೇಕರಿಯವನ ದಣಿವನ್ನು ನೋಡುವಂತಿರಲಿಲ್ಲ.

ಔಷಧಗಳ ಭಾಗವಂತೂ ಇನ್ನೂ ಸಡಿಲ. ಮದ್ಯಸಾರ, ಅಫೀಮು, ಕೊಕೇನ್ ಮುಂತಾದವು ಇದ್ದರೆ ಲೇಬಲ್ಲಿನಲ್ಲಿ ಹೇಳಬೇಕೆಂದು 1906ರ ಕಾಯಿದೆ ವಿಧಿಸಿತ್ತು. ಆದರೆ ರೋಗ ಗುಣಪಡಿಸುತ್ತೇನೆಂಬ ಸುಳ್ಳು ಪ್ರಚಾರ ಅದರ ವ್ಯಾಪ್ತಿಗೆ ಬರುವುದಿಲ್ಲವೆಂದು 1911ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. 1912ರ ತಿದ್ದುಪಡಿ ವಂಚನೆಯ ಉದ್ದೇಶವನ್ನು ಸಾಬೀತುಪಡಿಸುವ ಹೊರೆಯನ್ನು ಸರಕಾರದ ಮೇಲೆ ಹಾಕಿತು. 1937ರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷದ್ರಾವಣದಲ್ಲಿ ಕರಗಿಸಿದ ಸಲ್ಫಾನಿಲಮೈಡ್ ಔಷಧ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಮಕ್ಕಳು ಬಹಳ. ತಯಾರಕನ ಮೇಲೆ ಹೊರಿಸಲು ದೊರೆತ ಅಪರಾಧವೆಂದರೆ ತಪ್ಪು ಹೆಸರು: ಮದ್ಯಸಾರವಿಲ್ಲದ ಔಷಧವನ್ನು ‘ಎಲಿಕ್ಸರ್’ ಎಂದು ಕರೆದದ್ದು! ಮಾರಾಟಕ್ಕೆ ಮುನ್ನ ಹೊಸ ಔಷಧದ ಸುರಕ್ಷತೆಯನ್ನು ತಯಾರಕನೇ ತೋರಿಸಿಕೊಡಬೇಕೆಂಬ ನಿಯಮ 1938ರ ಕಾಯಿದೆಯೊಂದಿಗೆ ಬಂದಿತು.

ಈ ರಾಸಾಯನಿಕದ ಹೆಸರು ನಮ್ಮ ಔಷಧೋದ್ಯಮಕ್ಕೆ ಹೊಸದಲ್ಲ. 2022ರಲ್ಲಿ ಗ್ಯಾಂಬಿಯಾದ ಮಕ್ಕಳ ಸಾವಿನ ಹಿನ್ನೆಲೆಯಲ್ಲಿ ಭಾರತದಲ್ಲಿ ತಯಾರಾದ ನಾಲ್ಕು ಸಿರಪ್‌ಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ನೀಡಿತು. ಅಮೆರಿಕದ ಹಂದಿಮಾಂಸದಂತೆ ಇಲ್ಲಿಯೂ ಮೊದಲು ಬಿಗಿಯಾದದ್ದು ರಫ್ತು: ಹೊರದೇಶಕ್ಕೆ ಹೋಗುವ ಕೆಮ್ಮಿನ ಸಿರಪ್‌ಗೆ ಪ್ರಯೋಗಾಲಯದ ಪ್ರಮಾಣಪತ್ರ 2023ರ ಜೂನ್ 1ರಿಂದ ಕಡ್ಡಾಯವಾಯಿತು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಮಕ್ಕಳ ಪ್ರಾಣ ತೆಗೆದದ್ದು ದೇಶದೊಳಗೇ ಮಾರಾಟವಾದ ಸಿರಪ್.