ಭದ್ರಾವತಿಯ ಕುಲುಮೆಯನ್ನು ಆರಿಸಿದವರಾರು?

ಊರೊಂದು ಬಡವಾಗುವ ಬಗೆಯನ್ನು ಕಾಣಬೇಕೆನ್ನುವವರು ಅರ್ಥಶಾಸ್ತ್ರದ ದೊಡ್ಡ ಹೊತ್ತಗೆಗಳನ್ನು ತೆರೆಯಬೇಕಾಗಿಲ್ಲ. ಭದ್ರಾವತಿಯ ರೈಲು ನಿಲ್ದಾಣದಲ್ಲಿ, ಬೆಂಗಳೂರ ಕಡೆಗೆ ಹೋಗುವ ಗಾಡಿ ಬರುವ ಹೊತ್ತಿಗೆ, ಒಂದು ಗಳಿಗೆ ನಿಂತರೆ ಸಾಕು. ಹೆಗಲಿಗೆ ಚೀಲ ತಗಲಿಸಿಕೊಂಡ ತರುಣರು ಗಾಡಿ ಹತ್ತುವರು. ಕಳುಹಿಸಲು ಬಂದ ತಾಯಂದಿರು ಸೆರಗಿನಿಂದ ಕಣ್ಣೊರಸಿಕೊಂಡು ಮನೆಗೆ ತಿರುಗುವರು. ಅಜ್ಜನು ಅನ್ನವನ್ನರಸಿ ಈ ಊರಿಗೆ ಬಂದನು. ಮೊಮ್ಮಗನು ಅನ್ನವನ್ನರಸಿ ಈ ಊರನ್ನು ಬಿಡುತ್ತಾನೆ. ನಡುವೆ ನಡೆದುದೇನು? ಇದಕ್ಕೆ ಉತ್ತರ ಹೇಳಬೇಕಾದವರು ಯಾರು?

ಭದ್ರಾನದಿಯ ದಂಡೆಯ ಈ ಊರಿಗೆ ಹಿಂದೆ ಬೆಂಕಿಪುರವೆಂಬ ಹೆಸರಿದ್ದಿತು. ಸರ್ ಎಂ. ವಿಶ್ವೇಶ್ವರಯ್ಯನವರು ಹಾಕಿದ ಯೋಜನೆಯಂತೆ ೧೯೧೮ರಲ್ಲಿ ಇಲ್ಲಿ ಕಬ್ಬಿಣದ ಕಾರಖಾನೆಯ ಕೆಲಸ ಆರಂಭವಾಯಿತು. ೧೯೨೩ರಲ್ಲಿ ಕುಲುಮೆಯಿಂದ ಕಬ್ಬಿಣ ಹರಿಯಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡ ಕಾಡಿನ ಇದ್ದಲು, ಕನ್ನಡಿಗರ ತೋಳು, ಈ ಮೂರೂ ಒಂದೆಡೆ ಕೂಡಿದುವು. ೧೯೩೬ರಲ್ಲಿ ಕಾಗದದ ಕಾರಖಾನೆಯೂ ಸ್ಥಾಪಿತವಾಯಿತು. ಒಂದರ ಸುತ್ತ ನ್ಯೂಟೌನು, ಇನ್ನೊಂದರ ಸುತ್ತ ಪೇಪರ್‌ಟೌನು ಬೆಳೆದುವು. ಕಾರಖಾನೆಯ ವಸತಿ, ಕಾರಖಾನೆಯ ಆಸ್ಪತ್ರೆ, ಕಾರಖಾನೆಯ ಶಾಲೆ. ಊರಿನ ಬದುಕೇ ಕಾರಖಾನೆಯ ಕೂಗಿನೊಡನೆ ಏಳುತ್ತಿದ್ದಿತು, ಮಲಗುತ್ತಿದ್ದಿತು.

ವಾಚಕರು ಒಂದು ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು. ಕಾರಖಾನೆಯ ಸಂಬಳವು ಕಾರ್ಮಿಕನ ಮನೆಯಲ್ಲಿಯೇ ಉಳಿಯುವ ಹಣವಲ್ಲ. ಅದು ಕಿರಾಣಿಯವನ ಗಲ್ಲೆಗೆ ಹೋಗುವದು, ದರ್ಜಿಯ ಕೈಗೆ ಹೋಗುವದು, ತರಕಾರಿ ಮಾರುವವಳ ಬುಟ್ಟಿಗೆ ಹೋಗುವದು, ಉಪಾಧ್ಯಾಯನ ಮನೆಪಾಠದ ಸಂಭಾವನೆಯಾಗುವದು, ನಮ್ಮಂಥ ವಕೀಲರ ಫೀಜೂ ಆಗುವದು. ಆದುದರಿಂದ ಕಾರಖಾನೆಯ ಒಂದು ಕೆಲಸ ಹೋಯಿತೆಂದರೆ ಒಬ್ಬನ ಅನ್ನ ಹೋಯಿತೆಂದು ಎಣಿಸುವವರಿಗೆ ಲೆಕ್ಕ ಬಾರದು. ೨೦೦೧ರ ಜನಗಣತಿಯಲ್ಲಿ ಸುಮಾರು ೧,೬೦,೦೦೦ ಜನರಿದ್ದ ಈ ನಗರದಲ್ಲಿ ೨೦೧೧ಕ್ಕೆ ಸುಮಾರು ೧,೫೧,೦೦೦ ಜನರು ಮಾತ್ರ ಉಳಿದರು. ನಾಡಿನ ಇತರ ನಗರಗಳು ಉಬ್ಬುತ್ತಿರುವಾಗ ಈ ನಗರವೊಂದು ಕುಗ್ಗಿತು. ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಇನ್ನು ಹೊಣೆಗಾರರ ವಿಚಾರ. ಕಬ್ಬಿಣದ ಕಾರಖಾನೆಯು ೧೯೮೯ರಲ್ಲಿ ಕೇಂದ್ರ ಸರಕಾರದ ಉಕ್ಕು ಪ್ರಾಧಿಕಾರದ ಕೈಸೇರಿತು. ೧೯೯೮ರಲ್ಲಿ ಅದರಲ್ಲಿಯೇ ಲೀನವಾಯಿತು. ಬಳಿಕ ಅದನ್ನು ಮಾರಲು ನೋಡಿದರು; ಕೊಳ್ಳುವವರು ಬರಲಿಲ್ಲ. ೨೦೨೩ರ ಜನವರಿಯಲ್ಲಿ ಮುಚ್ಚಿಬಿಡುವ ನಿರ್ಣಯ ಹೊರಬಿದ್ದಿತು. ಗುತ್ತಿಗೆಯ ಕಾರ್ಮಿಕರು ಬೀದಿಯಲ್ಲಿ ಕುಳಿತ ಮೇಲೆ ಅದೇ ವರುಷ ಅಲ್ಪಸ್ವಲ್ಪ ಕೆಲಸ ಮತ್ತೆ ನಡೆಯಿತು. ಕಾಗದದ ಕಾರಖಾನೆಯಾದರೋ ೧೯೭೭ರಿಂದ ರಾಜ್ಯ ಸರಕಾರದ್ದೇ ಆಗಿದ್ದಿತು. ಅದು ೨೦೧೫ರಲ್ಲಿ ಉತ್ಪಾದನೆಯನ್ನು ನಿಲ್ಲಿಸಿತು. ಹೀಗೆ ಒಂದು ಕೇಂದ್ರದ ಕೈಯಲ್ಲಿ ಸೊರಗಿತು, ಇನ್ನೊಂದು ರಾಜ್ಯದ ಕೈಯಲ್ಲಿ ನಿಂತಿತು. ಆದುದರಿಂದ ಬೆಂಗಳೂರಿನವರು ದಿಲ್ಲಿಯ ಕಡೆಗೂ ದಿಲ್ಲಿಯವರು ಬೆಂಗಳೂರ ಕಡೆಗೂ ಬೆರಳು ತೋರುವ ಆಟವನ್ನು ನಾವು ಒಪ್ಪಲಾರೆವು. ಈ ಮೊಕದ್ದಮೆಯಲ್ಲಿ ಇಬ್ಬರೂ ಪ್ರತಿವಾದಿಗಳೇ!

ಪ್ರತಿವಾದಿಗಳ ಮೊದಲ ವಾದವು ನಷ್ಟದ್ದು. ನಷ್ಟದಲ್ಲಿರುವ ಕಾರಖಾನೆಯನ್ನು ಜನರ ಹಣದಿಂದ ಎಷ್ಟು ದಿನ ನಡೆಸುವದು ಎನ್ನುತ್ತಾರೆ. ಈ ಮಾತು ಹೊಸದಲ್ಲ. ಮೊದಲನೆಯ ಮಹಾಯುದ್ಧದ ತರುವಾಯ ಕಬ್ಬಿಣದ ಬೆಲೆ ಕುಸಿದಾಗಲೂ ಇದೇ ಕಾರಖಾನೆಯು ನಷ್ಟದಲ್ಲಿದ್ದಿತು. ಆಗಲೂ ಇದು ಬಿಳಿಯಾನೆಯೆಂದು ಹಳಿದವರಿಗೆ ಕೊರತೆಯಿರಲಿಲ್ಲ. ಆದರೆ ಅಂದು ಬೀಗಮುದ್ರೆ ಹಾಕಲಿಲ್ಲ. ೧೯೨೩ರಲ್ಲಿ ವಿಶ್ವೇಶ್ವರಯ್ಯನವರನ್ನೇ ಆಡಳಿತ ಮಂಡಲಿಯ ಅಧ್ಯಕ್ಷರನ್ನಾಗಿ ಮಾಡಿದರು. ೧೯೨೯ರ ವರೆಗೆ ಅವರು ದುಡಿದು ಅದನ್ನು ಹಳಿಗೆ ತಂದರು. ರೋಗಿಗೆ ವೈದ್ಯನನ್ನು ಕರೆತಂದವರ ಮರಿಮಕ್ಕಳು ಇಂದು ಚಟ್ಟ ಕಟ್ಟುವವರನ್ನು ಕರೆತಂದಿರುವರು. ಯಂತ್ರಗಳು ಹಳತಾದುವೆಂಬುದು ನಿಜ. ಅವನ್ನು ಹೊಸದಾಗಿ ಮಾಡುವ ಹೊಣೆ ಒಡೆಯನದೋ ಆಳಿನದೋ?

ನಷ್ಟಕ್ಕೆ ಕಾರಣಗಳು ಹಲವಿರಬಹುದು. ಅವುಗಳಲ್ಲಿ ಮುಖ್ಯವಾದುದೊಂದನ್ನು ಮುಚ್ಚಿಡುವಂತಿಲ್ಲ. ಕೆಮ್ಮಣ್ಣುಗುಂಡಿಯ ಗಣಿ ನಿಂತಿತು. ಕಾಡು ಉಳಿಯಬೇಕಾದುದು ಅವಶ್ಯವೇ. ಅದಕ್ಕಾಗಿ ನಮ್ಮ ದೂರಿಲ್ಲ. ಆದರೆ ಅದರ ಬದಲಿಗೆ ಸ್ವಂತದ ಗಣಿಯೊಂದು ಕಾರಖಾನೆಗೆ ದಕ್ಕಬೇಡವೇ? ಗಣಿಯ ಮಾತು ಕಾಗದದ ಮೇಲೆ ಬಂದಿತು. ಅದಿರು ಕುಲುಮೆಗೆ ಬರಲಿಲ್ಲ. ಒಲೆಗೆ ಸೌದೆ ಕೊಡದೆ ಅಡಿಗೆ ಬೇಯಲಿಲ್ಲವೆಂದು ಅಡಿಗೆಯವಳನ್ನು ಬಯ್ಯುವದು ಯಾವ ನ್ಯಾಯ?

ಇದನ್ನು ಬರೆಯುವಾಗ ಲೇಖನಿ ಕಹಿಯಾಗುವದು. ಬಳ್ಳಾರಿ ಸೀಮೆಯು ಮದರಾಸು ಪ್ರಾಂತದಲ್ಲಿಯೂ ಭದ್ರಾವತಿಯು ಮೈಸೂರು ಸಂಸ್ಥಾನದಲ್ಲಿಯೂ ಇದ್ದ ಕಾಲದಲ್ಲಿ, ಅಲ್ಲಿಯ ಅದಿರು ಇಲ್ಲಿಯ ಕುಲುಮೆಗೆ ಬಾರದಿದ್ದರೆ ನಡುವೆ ಪರರ ಎಲ್ಲೆಯಿದೆಯೆಂದು ಸಮಾಧಾನಪಡಬಹುದಾಗಿದ್ದಿತು. ೧೯೫೩ರಲ್ಲಿ ಬಳ್ಳಾರಿ ಮೈಸೂರನ್ನು ಸೇರಿತು. ೧೯೫೬ರ ನವೆಂಬರ ೧ರಂದು ನಾಡೆಲ್ಲ ಒಂದಾಯಿತು. ಎಲ್ಲೆ ಅಳಿಯಿತು. ಬಳಿಕ ಆದುದೇನು? ಈ ಶತಮಾನದ ಮೊದಲ ದಶಕದಲ್ಲಿ ಸಂಡೂರು ಹೊಸಪೇಟೆಗಳ ಬೆಟ್ಟಗಳನ್ನು ಅಗೆದು, ಲಾರಿಗಳಲ್ಲಿ ಹೇರಿ, ಹಡಗು ಹತ್ತಿಸಿ ಚೀನಾದೇಶಕ್ಕೆ ಕಳುಹಿದರು. ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ತಡೆಯುವ ವರೆಗೂ ಸೂರೆ ನಿಲ್ಲಲಿಲ್ಲ. ಕನ್ನಡ ನಾಡಿನ ಅದಿರಿಗೆ ಸಮುದ್ರದಾಚೆಯ ಕುಲುಮೆ ಹತ್ತಿರವಾಯಿತು. ಭದ್ರಾವತಿಯ ಕುಲುಮೆ ದೂರವಾಯಿತು! ನಾಡನ್ನು ಒಂದುಗೂಡಿಸಿದವರು ಕಂಡ ಕನಸು ಇದೇ ಏನು?

ಎರಡನೆಯ ವಾದ: ಭದ್ರಾವತಿಯಲ್ಲಿ ಕೆಲಸವಿಲ್ಲದಿದ್ದರೆ ಬೆಂಗಳೂರಿನಲ್ಲಿದೆಯಲ್ಲ! ಇದೆ, ಅಲ್ಲಗಳೆಯುವದಿಲ್ಲ. ಆದರೆ ಯಾವ ಕೆಲಸ? ಕುಲುಮೆಯ ಮುಂದೆ ನಿಂತು ಉಕ್ಕಿನ ಹದವನ್ನು ಬಣ್ಣದಿಂದಲೇ ಹೇಳಬಲ್ಲವನ ಮಗನು ಅಲ್ಲಿ ಯಾರದೋ ಬಾಗಿಲ ಕಾವಲು ಕಾಯುವನು. ಸಂಬಳದ ಅರ್ಧವನ್ನು ಕೋಣೆಯ ಬಾಡಿಗೆಗೆ ಸುರಿಯುವನು. ಇಲ್ಲಿ ಮನೆ ಖಾಲಿ, ಅಲ್ಲಿ ನೀರಿಗೆ ತತ್ವಾರ. ಕೋಲಾರದ ಚಿನ್ನದ ಗಣಿ ೨೦೦೧ರಲ್ಲಿ ಮುಚ್ಚಿತು; ದಾವಣಗೆರೆಯ ಹತ್ತಿಯ ಗಿರಣಿಗಳು ಒಂದೊಂದಾಗಿ ನಿಂತುವು. ಪ್ರತಿಸಲವೂ ಹೇಳಿದ ಸಮಾಧಾನ ಇದೊಂದೇ. ತಲೆಯೊಂದು ಬೆಳೆದು ಕೈಕಾಲುಗಳು ಸೊರಗಿದರೆ ಅದನ್ನು ಬೆಳವಣಿಗೆಯೆನ್ನರು, ವ್ಯಾಧಿಯೆನ್ನುವರು.

ಹಾಗಾದರೆ ನಾವು ಕೇಳುವದೇನು? ಭಿಕ್ಷೆಯನ್ನಲ್ಲ. ಒಂದು, ಕಬ್ಬಿಣದ ಕಾರಖಾನೆಗೆ ಅದಿರಿನ ಗಣಿಯನ್ನೂ ಹೊಸ ಯಂತ್ರಕ್ಕೆ ಬಂಡವಲನ್ನೂ ಗೊತ್ತಾದ ಗಡುವಿನೊಳಗೆ ಒದಗಿಸಬೇಕು. ಎರಡು, ಬದಲಿ ಉದ್ಯೋಗವು ಊರಿನಲ್ಲಿ ನಿಂತ ಹೊರತು ಯಾವ ಕಾರಖಾನೆಯನ್ನೂ ಮುಚ್ಚಕೂಡದು. ಮೂರು, ಕಾರಖಾನೆಗಳ ಭೂಮಿಯು ಉದ್ಯೋಗಕ್ಕೇ ಮೀಸಲಾಗಿರಬೇಕು. ಅದು ನಿವೇಶನದ ವ್ಯಾಪಾರಿಗಳ ಪಾಲಾಗಕೂಡದು. ನಾಲ್ಕು, ಕೆಲಸ ತಿರುಗಿ ಆರಂಭವಾದಾಗ ಗುತ್ತಿಗೆಯ ಮೇಲೆ ದುಡಿದವರಿಗೇ ಮೊದಲ ಹಕ್ಕಿರಬೇಕು.

ಇವೆಲ್ಲ ತಾವಾಗಿ ಆಗುವವಲ್ಲ. ಮಂತ್ರಿಗಳು ಬರುವರು, ಆಶ್ವಾಸನವೀಯುವರು, ಹೋಗುವರು; ಊರಿನವರು ಅಲ್ಲಿಯೇ ಇರುವರು. ಆದುದರಿಂದ ಊರಿನ ಉಪಾಧ್ಯಾಯರಲ್ಲಿಯೂ ವರ್ತಕರಲ್ಲಿಯೂ ನಮ್ಮದೊಂದು ಬಿನ್ನಹ. ಬೀದಿಬೀದಿಗೆ ಹೋಗಿ ಮನೆಮನೆಯ ಲೆಕ್ಕ ಬರೆಯಿರಿ: ಎಷ್ಟು ಜನರಿಗೆ ಕೆಲಸವಿದ್ದಿತು, ಎಷ್ಟು ಜನರಿಗೆ ಹೋಯಿತು, ಎಷ್ಟು ಮಕ್ಕಳು ಊರು ಬಿಟ್ಟರು, ಎಷ್ಟು ಅಂಗಡಿಗಳ ಬಾಗಿಲು ಬಿದ್ದುವು. ಆ ಲೆಕ್ಕದ ಪುಸ್ತಕವನ್ನು ಮತ ಕೇಳಲು ಬರುವವರ ಮುಂದಿಡಿರಿ. ಕಾರಖಾನೆಯ ನಷ್ಟದ ಲೆಕ್ಕವನ್ನು ಅವರು ಬಲ್ಲರು. ಊರಿನ ನಷ್ಟದ ಲೆಕ್ಕವನ್ನು ಅವರಿಗೆ ಇದುವರೆಗೆ ಯಾರೂ ಓದಿ ಹೇಳಿಲ್ಲ.

ನಾಡು ಒಂದಾಯಿತೆಂದು ಪ್ರತಿವರುಷ ನವೆಂಬರದಲ್ಲಿ ಬಾವುಟ ಏರಿಸುತ್ತೇವೆ. ಸಂಡೂರ ಅದಿರೂ ಭದ್ರಾವತಿಯ ಕುಲುಮೆಯೂ ಒಂದಾಗುವ ವರೆಗೆ ಆ ಏಕೀಕರಣದ ಕೆಲಸ ಮುಗಿದಿಲ್ಲವೆಂದೇ ನಾವು ತಿಳಿಯುತ್ತೇವೆ.