ಬಜ್ಪೆಗೆ ಇಳಿಯುವಾಗ ಹಾಡು ಬಂದ್ ಮಾಡಿ

(1/6)

ಫ್ಲೈಟ್ ಸಿಮ್ಯುಲೇಟರ್‌ನ ವಿಮಾನಕ್ಕೆ ಹಾಡು ಸೇರಿಸುವ ಮಾಡ್ ಮಾಡ್ತೀರಾ? ಮಾಡಿ. (ಮಾಡ್ ಅಂದ್ರೆ ಹಂಚಿನ ಮಾಡು ಅಲ್ಲ ಮಾರಾಯ್ರೆ. ಆಟದ ಒಳಗಿನ ಫೈಲ್ ಬದಲಿಸಿ, ಅದರಲ್ಲಿ ಇಲ್ಲದ್ದನ್ನು ನಾವೇ ಸೇರಿಸುವ ಕೆಲಸ.) ನನ್ನ ತಕರಾರು ಹಾಡಿನ ಮೇಲೆ ಅಲ್ಲ, ಹಾಡನ್ನು ಎಲ್ಲಿ ಹಾಕ್ತೀರಿ ಅನ್ನುವುದರ ಮೇಲೆ. ಇಂಜಿನ್ ಶಬ್ದ ತೆಗೆದು ಆ ಜಾಗದಲ್ಲಿ ಹಾಡು ಕೂರಿಸಬೇಡಿ. ಬಜ್ಪೆಗೆ ಇಳಿಯುವಾಗಲಂತೂ ಬೇಡವೇ ಬೇಡ.

"ಗೇಮ್ ಅಷ್ಟೇ ಅಲ್ವಾ, ಎಂಥ ಇಷ್ಟು ಸೀರಿಯಸ್?" ಅಂತ ಕೇಳ್ತೀರಿ, ಗೊತ್ತುಂಟು. ಆರು ಪೋಸ್ಟ್ ಓದಿ, ಆಮೇಲೆ ಜಗಳ ಮಾಡುವ.

ಈ ಹುಚ್ಚು ನಮ್ಮ ಕಡೆ ಎಲ್ಲಿಂದ ಬಂತು ಅಂತ ಹುಡುಕಲು ದೂರ ಹೋಗ್ಬೇಕಾಗಿಲ್ಲ. ಬಸ್ಸಿನಿಂದ ಬಂತು. ಬಿ.ಸಿ. ರೋಡಿನಲ್ಲಿ ನಿಂತು ಬೆಳ್ತಂಗಡಿ ಬಸ್ಸಿಗೋ ಮೂಡುಬಿದಿರೆ ಬಸ್ಸಿಗೋ ಕಾದವರಿಗೆ ಹೇಳ್ಬೇಕಾ? ಬಸ್ಸು ತಿರುವಿನಾಚೆ ಇರುವಾಗಲೇ ಹಾರ್ನ್ ಕೇಳಿ ಯಾವ ಬಸ್ಸು ಅಂತ ಹೇಳುವ ಮಕ್ಕಳು ಇಲ್ಲಿದ್ದಾರೆ. ಒಳಗೆ ಹತ್ತಿದರೆ ಹಾಡು, ಕಂಡಕ್ಟರ್ ಸೀಟಿ, ಬಾಗಿಲಿನ ತಗಡಿಗೆ ಬಡಿಯುವ ಸದ್ದು, ಎಲ್ಲ ಒಟ್ಟಿಗೆ. ನಮ್ಮ ಕಿವಿಗೆ ವಾಹನ ಅಂದ್ರೆ ಹಾಡು ಉಂಟು ಅಂತಲೇ ಲೆಕ್ಕ. ಹಾಗಾಗಿ ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ ಮೊಬೈಲಿಗೆ ಬಂದಾಗ ನಮ್ಮ ಹುಡುಗರು ಜಾವಾ ದ್ವೀಪದ ರಸ್ತೆಯಲ್ಲಿ ನಮ್ಮೂರ ಬಸ್ಸಿನ ಬಣ್ಣ, ನಮ್ಮೂರ ಹಾರ್ನ್ ಓಡಿಸಿದರು. ಎಷ್ಟು ಚಂದ! (ನಿಜದ ರಸ್ತೆಯಲ್ಲಿ ಒಂದರ ಹಿಂದೆ ಒಂದು ಸ್ವರ ಬರುವ ಹಾರ್ನ್ ಹಾಕುವುದಕ್ಕೆ ಕೇಂದ್ರ ಮೋಟಾರು ವಾಹನ ನಿಯಮದಲ್ಲಿ ನಿಷೇಧ ಉಂಟು. ಆಟದಲ್ಲಿ ಆರ್‌ಟಿಒ ಇಲ್ಲ.)

ಅದೇ ಹುಡುಗರು ಈಗ ಕಂಪ್ಯೂಟರ್ ತಗೊಂಡು ವಿಮಾನಕ್ಕೆ ಬಂದಿದ್ದಾರೆ. ಬಸ್ಸಿನ ಲೆಕ್ಕವನ್ನೇ ವಿಮಾನಕ್ಕೂ ಹಾಕ್ತಿದ್ದಾರೆ. ಅಲ್ಲಿ ಲೆಕ್ಕ ತಪ್ಪುತ್ತದೆ.

(2/6)

ಮೊದಲು ಕೆಲಸ ಹೇಗೆ ನಡೀತದೆ ಅಂತ ನೋಡುವ. ಗೊತ್ತಿದ್ದವರು ಮುಂದಿನ ಪೋಸ್ಟಿಗೆ ಹೋಗಿ.

2006ರಲ್ಲಿ ಬಂದ ಮೈಕ್ರೋಸಾಫ್ಟ್‌ನ ಎಫ್‌ಎಸ್‌ಎಕ್ಸ್ ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡ್ತದೆ. ಅದರಲ್ಲಿ ವಿಮಾನದ ಫೋಲ್ಡರ್ ಒಳಗೆ "ಸೌಂಡ್" ಅಂತ ಇನ್ನೊಂದು ಫೋಲ್ಡರ್. ಅದರಲ್ಲಿ ವೇವ್ ಫೈಲುಗಳು, ಮತ್ತು ಯಾವ ಫೈಲ್ ಯಾವಾಗ ಕೇಳ್ಬೇಕು ಅಂತ ಹೇಳುವ ಸೌಂಡ್ ಸಿಎಫ್‌ಜಿ ಅನ್ನುವ ಒಂದು ಪಠ್ಯದ ಫೈಲ್. ಇಂಜಿನ್, ಫ್ಲ್ಯಾಪ್, ಚಕ್ರ ಇಳಿಸುವುದು, ನೆಲ ಮುಟ್ಟುವುದು, ಸ್ಟಾಲ್ ಎಚ್ಚರಿಕೆ, ಎಲ್ಲಕ್ಕೂ ಬೇರೆ ಬೇರೆ ಸಾಲು. ಒಳಗಿನಿಂದ ಕೇಳುವ ಶಬ್ದಕ್ಕೆ 1, ಹೊರಗಿನಿಂದ ಕೇಳುವುದಕ್ಕೆ 2 ಅಂತ ಗುರುತು. ನೋಟ್‌ಪ್ಯಾಡ್ ಸಾಕು, ಬೇರೇನೂ ಬೇಡ. ಚಕ್ರ ಇಳಿಸುವ ಶಬ್ದದ ಫೈಲ್ ತೆಗೆದು ಅದೇ ಹೆಸರಿನಲ್ಲಿ ಹಾಡಿನ ತುಂಡು ಇಟ್ಟರೆ, ಕೀಲಿ ಒತ್ತಿದ ಕೂಡಲೇ ಚಕ್ರದ ಜೊತೆ ಹಾಡೂ ಇಳೀತದೆ. ಇದನ್ನು ಮೊದಲ ಸಲ ಕಂಡವರು ನಗದೇ ಇರಲಿಕ್ಕಿಲ್ಲ.

2020ರ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಇಷ್ಟು ಸಸಾರ ಅಲ್ಲ. ಅದರ ಶಬ್ದವೆಲ್ಲ ವೈಸ್ ಅನ್ನುವ ಬೇರೆ ತಂತ್ರಾಂಶದಲ್ಲಿ ಕಟ್ಟಿದ್ದು. ಸಿದ್ಧ ಮಾಡ್ ಹಾಕುವುದು ಸುಲಭ, "ಕಮ್ಯುನಿಟಿ" ಫೋಲ್ಡರಿಗೆ ಹಾಕಿದರೆ ಆಯ್ತು. ಆದರೆ ನಾವೇ ಶಬ್ದ ಕಟ್ಟಲು ಕಲಿಯಬೇಕಾದ್ದು ಬಹಳ ಉಂಟು.

ಕಲಿಯುವವರಿಗೆ ನಾನು ಹೇಳುವುದು ಫ್ಲೈಟ್‌ಗಿಯರ್. ಹಣ ಕೊಡ್ಬೇಕಾಗಿಲ್ಲ, ಮುಕ್ತ ತಂತ್ರಾಂಶ, ಬಿಚ್ಚಿ ನೋಡಿದರೆ ಬೈಯುವವರಿಲ್ಲ. ಅದರಲ್ಲಿ ಶಬ್ದದ ಫೈಲಿಗೆ ಷರತ್ತು ಹಾಕಬಹುದು: ಇಂತಿಷ್ಟು ಎತ್ತರದ ಕೆಳಗೆ ಬೇಡ, ಪಾರ್ಕಿಂಗ್ ಬ್ರೇಕ್ ಹಾಕಿದ್ದರೆ ಮಾತ್ರ, ಹೀಗೆಲ್ಲ. ವಾಲ್ಯೂಮ್ ಕೂಡ ಎತ್ತರಕ್ಕೆ ಸರಿಯಾಗಿ ಏರಿಳಿಯುವ ಹಾಗೆ ಬರೀಬಹುದು. ಈ ಷರತ್ತಿನ ವಿಷಯ ನೆನಪಿಟ್ಟುಕೊಳ್ಳಿ, ಐದನೇ ಪೋಸ್ಟಿನಲ್ಲಿ ಬೇಕಾಗ್ತದೆ.

(3/6)

ಇಂಜಿನ್ ಶಬ್ದ ಅಂದ್ರೆ ಬರೀ ಗಲಾಟೆ, ಅದರ ಮೇಲೆ ಏನು ಹಾಕಿದರೂ ನಡೀತದೆ ಅಂತ ನಿಮಗೆ ಅನ್ನಿಸಿದ್ರೆ ಒಂದು ಕೆಲಸ ಮಾಡಿ. ಎಫ್‌ಎಸ್‌ಎಕ್ಸ್‌ನಲ್ಲಿ ಡಗ್ಲಸ್ ಡಿಸಿ-3 ಮೊದಲೇ ಉಂಟು. ಅದನ್ನು ತಗೊಂಡು ಹೋಗಿ ಬಜ್ಪೆಯಲ್ಲಿ ಇಳಿಸಿ. 1951ರ ಡಿಸೆಂಬರ್ 25ರಂದು ನೆಹರೂ ಬಂದು ಬಜ್ಪೆ ನಿಲ್ದಾಣ ಶುರು ಮಾಡಿದ್ದು ಡಿಸಿ-3ರಲ್ಲೇ. ಹಾಡು ಬೇಡ, ಹೆಡ್‌ಫೋನ್ ಹಾಕಿ ಸುಮ್ಮನೆ ಕೂತ್ಕೊಳ್ಳಿ.

ಎರಡು ಇಂಜಿನ್, ಒಂದೊಂದರಲ್ಲಿ 14 ಸಿಲಿಂಡರ್. ಎರಡರ ವೇಗ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆದರೆ "ವೂಂ... ವೂಂ... ವೂಂ" ಅಂತ ಅಲೆ ಏಳ್ತದೆ. ಒಂದು ಸೆಕೆಂಡಿಗೆ 100 ಸಲ, ಇನ್ನೊಂದು 102 ಸಲ ಕಂಪಿಸಿದರೆ ಸೆಕೆಂಡಿಗೆ ಎರಡು ಅಲೆ. ತಂಬೂರಿ ಶ್ರುತಿ ಮಾಡುವವರು ಕಿವಿಯಲ್ಲಿ ಹಿಡಿಯುವುದು ಇದನ್ನೇ. ಪೈಲಟ್ ಕೂಡ ಇದನ್ನು ಕೇಳಿಯೇ ಎರಡು ಇಂಜಿನ್ ಹೊಂದಿಸ್ತಾನೆ. ಅಲೆ ನಿಧಾನ ಆಗ್ತಾ ಆಗ್ತಾ ನಿಂತರೆ ಶ್ರುತಿ ಸೇರಿತು ಅಂತ ಅರ್ಥ.

ಈಗಿನ ವಿಮಾನದಲ್ಲೂ ಹಾಗೇ. ಹಳೆಯ ಬೋಯಿಂಗ್ 737-800ರಲ್ಲಿ ದುಬೈಗೆ ಹೋದವರು ಮುಂದಿನ ಸೀಟಿನಲ್ಲಿ ಕೂತಿದ್ದರೆ ಏರುವಾಗ ಗರಗಸ ಎಳೆದ ಹಾಗೆ ಒಂದು ಶಬ್ದ ಕೇಳಿರ್ತೀರಿ. ಮುಂದಿನ ಫ್ಯಾನಿನ ತುದಿ ಶಬ್ದಕ್ಕಿಂತ ವೇಗದಲ್ಲಿ ತಿರುಗುವಾಗ ಬರುವ ಸದ್ದು ಅದು. ಏರ್‌ಬಸ್ 320ರಲ್ಲಿ ರೆಕ್ಕೆಯ ಹತ್ತಿರ ಕೂತರೆ, ವಿಮಾನ ಹೊರಡುವ ಮೊದಲು ಕಾಲಡಿಯಲ್ಲಿ ನಾಯಿ ಬೊಗಳಿದ ಹಾಗೆ ಕೇಳ್ತದೆ. ಹೆದರಬೇಡಿ, ಹೈಡ್ರಾಲಿಕ್ ಒತ್ತಡ ಸರಿ ಮಾಡುವ ಒಂದು ಯಂತ್ರ ಅದು. ಸಿಮ್ಯುಲೇಟರ್‌ಗೆ ಶಬ್ದ ಮಾಡುವವರು ನಿಜದ ವಿಮಾನದ ಹತ್ತಿರ ಮೈಕ್ ಇಟ್ಟು ಇದನ್ನೆಲ್ಲ ಹಿಡೀತಾರೆ. ಅಷ್ಟು ಕಷ್ಟಪಟ್ಟು ಹಿಡಿದದ್ದರ ಮೇಲೆ ಡಿಜೆ ರೀಮಿಕ್ಸ್ ಸುರಿದರೆ, ಹೇಳಿ, ಚೆಂಡೆ ಪೆಟ್ಟು ಬೀಳುವಾಗ ಸಭೆಯಲ್ಲಿ ಫೋನ್ ರಿಂಗ್ ಆದ ಹಾಗೆ ಅಲ್ವಾ?

(4/6)

ಈಗ ಇಳಿಯುವ ವಿಷಯ.

ಬಜ್ಪೆಯ 24ನೇ ರನ್‌ವೇಗೆ ಬರುವ ವಿಮಾನ ಘಟ್ಟದ ಕಡೆಯಿಂದ, ಬೆಳ್ತಂಗಡಿ ತಾಲೂಕಿನ ಉತ್ತರ ಭಾಗ ದಾಟಿ, ಮೂಡುಬಿದಿರೆಗೂ ಬಂಟ್ವಾಳಕ್ಕೂ ನಡುವಿನ ಆಕಾಶದಲ್ಲಿ ಕೆಳಗಿಳೀತಾ ಬರ್ತದೆ. ನಮ್ಮ ಅಂಗಳದಲ್ಲಿ ಅಡಿಕೆ ಹೆಕ್ಕುವಾಗ ತಲೆ ಎತ್ತಿ ನೋಡುವುದು ಅದನ್ನೇ. ಎದುರಿಗೆ ಗುಡ್ಡದ ತಲೆ ಕಡಿದು ಮಾಡಿದ 2,450 ಮೀಟರ್ ರನ್‌ವೇ, ತುದಿಯಲ್ಲಿ ಕಣಿವೆ.

2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812 ಇದೇ ರನ್‌ವೇಯಲ್ಲಿ ಇಳಿಯಿತು. 158 ಜನ ಹೋದರು, 8 ಜನ ಉಳಿದರು. ಗೋಖಲೆ ಅವರ ನೇತೃತ್ವದ ತನಿಖೆಯ ವರದಿ ಎಲ್ಲರೂ ಓದಬಹುದಾದ ದಾಖಲೆ. ವಿಮಾನ ಇರಬೇಕಾದದ್ದಕ್ಕಿಂತ ಬಹಳ ಎತ್ತರದಲ್ಲಿತ್ತು. ಅರ್ಧಕ್ಕಿಂತ ಹೆಚ್ಚು ರನ್‌ವೇ ಮುಗಿದ ಮೇಲೆ ನೆಲ ಮುಟ್ಟಿತು. ಅದಕ್ಕೂ ಮೊದಲು ಕಾಕ್‌ಪಿಟ್‌ನಲ್ಲಿ "ಸಿಂಕ್ ರೇಟ್", "ಪುಲ್ ಅಪ್" ಅಂತ ಯಂತ್ರ ಕೂಗಿತ್ತು. ಇಳಿಯುವುದು ಬಿಟ್ಟು ಮತ್ತೆ ಏರುವ ಅಂತ ಸಹ ಪೈಲಟ್ ಹೇಳಿದ್ದರು. ಶಬ್ದ ಇತ್ತು, ಅದರ ಮಾತು ನಡೆಯಲಿಲ್ಲ.

ಹೀಗಿರುವಾಗ ನೀವು ಬಜ್ಪೆಗೆ ಇಳಿಯುವ ವೀಡಿಯೊ ಮಾಡಿ, "ಪುಲ್ ಅಪ್" ಕೂಗಿನ ಜಾಗದಲ್ಲಿ ಕಾಮಿಡಿ ಡೈಲಾಗೋ ಹಾಡಿನ ಬೀಟೋ ಹಾಕಿದರೆ ಅದು ನೋಡುವವರಿಗೆ ಹೇಗಾಗ್ತದೆ ಅಂತ ಯೋಚಿಸಿ. ಆ ವಿಮಾನದಲ್ಲಿ ಇದ್ದವರಲ್ಲಿ ಅನೇಕರು ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನವರು. ನಿಮ್ಮ ವೀಡಿಯೊ ನೋಡುವವರೂ ಅಲ್ಲಿಯವರೇ. ಕೂಳೂರು-ತಣ್ಣೀರುಬಾವಿ ಕಡೆ ಹೋದರೆ ನದಿ ಬದಿಯಲ್ಲಿ ಸ್ಮಾರಕದ ಉದ್ಯಾನ ಉಂಟು, ಒಂದು ಸಲ ನಿಂತು ಬನ್ನಿ.

ಆ ಅಪಘಾತವನ್ನೇ ಸಿಮ್ಯುಲೇಟರ್‌ನಲ್ಲಿ ಮತ್ತೆ ಮಾಡಿದ ವೀಡಿಯೊಗಳೂ ಹುಡುಕಿದರೆ ಸಿಗ್ತವೆ. ಏನಾಯಿತು ಅಂತ ತಿಳಿಸಲು ಮಾಡಿದ್ದಕ್ಕೆ ನನ್ನ ಆಕ್ಷೇಪ ಇಲ್ಲ. ಅದಕ್ಕೆ ದುಃಖದ ಪಿಟೀಲು ಸೇರಿಸಿ ವ್ಯೂಸ್ ಎಣಿಸುವುದಕ್ಕೆ ಉಂಟು.

ಇನ್ನು ಬರೀ ಆಟದ ದೃಷ್ಟಿಯಿಂದ ನೋಡಿದರೂ ಅಷ್ಟೇ. 10,000 ಅಡಿಯ ಕೆಳಗೆ ಪೈಲಟ್‌ಗಳು ಹಾರಾಟಕ್ಕೆ ಬೇಡದ ಮಾತು ಕೂಡ ಆಡಬಾರದು ಅಂತ ಅಮೆರಿಕ 1981ರಲ್ಲಿ ನಿಯಮ ಮಾಡಿತು. ಸ್ಯಾಕ್ಸೋಫೋನ್, ಪಿಟೀಲು, ಗಾಯಕರ ಗಂಟಲು, ಇವೆಲ್ಲ ಮನುಷ್ಯರ ಮಾತು ಕೇಳಿಸುವ ಜಾಗದಲ್ಲೇ ಕೇಳಿಸ್ತವೆ. ಎಚ್ಚರಿಕೆಯ ದನಿಯೂ ಅಲ್ಲೇ. ಎರಡೂ ಒಟ್ಟಿಗೆ ಬಂದರೆ ಒಂದು ಇನ್ನೊಂದನ್ನು ನುಂಗ್ತದೆ. ಏರ್‌ಬಸ್ "ರಿಟಾರ್ಡ್" ಅಂತ ಕೂಗುವುದು ಕೇಳದೆ ಇಳಿಸಲು ಹೋದವರ ಲ್ಯಾಂಡಿಂಗ್ ಹೇಗಿರ್ತದೆ ಅಂತ ನೋಡಿದ್ದೀರಲ್ಲ.

(5/6)

ಹಾಗಾದ್ರೆ ಹಾಡು ಎಲ್ಲಿ?

ನಿಜದ ವಿಮಾನದಲ್ಲಿ ಎಲ್ಲಿ ಉಂಟೋ ಅಲ್ಲಿ. ಜನ ಹತ್ತುವಾಗ, ಬ್ಯಾಗ್ ಮೇಲೆ ಇಡುವಾಗ, ಮತ್ತೆ ಇಳಿದು ನಿಂತ ಮೇಲೆ. 2021ರ ಡಿಸೆಂಬರಿನಲ್ಲಿ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತಿನ ಮನವಿಯ ಮೇಲೆ ವಿಮಾನಯಾನ ಸಚಿವಾಲಯ ಕಂಪನಿಗಳಿಗೆ ಪತ್ರ ಬರೆದು, ನಮ್ಮ ದೇಶದ ಸಂಗೀತ ಹಾಕಿ ಅಂತ ಕೇಳಿತ್ತು. ಪತ್ರದಿಂದ ಎಷ್ಟು ಆಯ್ತು ಬಿಡಿ. ನಿಮ್ಮ ಆಟದಲ್ಲಿ ನೀವೇ ಸಚಿವಾಲಯ, ನೀವೇ ಕಂಪನಿ.

ಮಂಗಳೂರಿಗೆ ಬರುವ ವಿಮಾನಕ್ಕೆ ಯಾವ ಸಂಗೀತ ಅಂತ ಕೇಳಿದರೆ ನನ್ನ ಉತ್ತರ ಒಂದೇ, ಸ್ಯಾಕ್ಸೋಫೋನ್. ಕದ್ರಿ ಗೋಪಾಲನಾಥರು ಹುಟ್ಟಿದ್ದು ಬಂಟ್ವಾಳ ತಾಲೂಕಿನ ಸಜೀಪಮೂಡದಲ್ಲಿ. ತಂದೆ ನಾಗಸ್ವರದವರು. ಮೈಸೂರು ಅರಮನೆ ಬ್ಯಾಂಡ್‌ನಲ್ಲಿ ಕಂಡ ವಿದೇಶಿ ವಾದ್ಯವನ್ನು ತಂದು, ಕರ್ನಾಟಕ ಸಂಗೀತದ ಗಮಕ ಬರುವ ಹಾಗೆ ಅದನ್ನೇ ತಿದ್ದಿ, 1994ರಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲ್‌ವರೆಗೆ ತಗೊಂಡು ಹೋದರು. ವಾದ್ಯವನ್ನು ಬಿಚ್ಚಿ ಮಾಡ್ ಮಾಡಿದವರು ಅನ್ನಿ ಬೇಕಾದರೆ. ಇವತ್ತು ನಮ್ಮಲ್ಲಿ ಮದುವೆ ಹಾಲ್ ಇರಲಿ, ದೇವಸ್ಥಾನದ ಉತ್ಸವ ಇರಲಿ, ಸ್ಯಾಕ್ಸೋಫೋನ್ ಡೋಲು ಇಲ್ಲದೆ ಕೆಲಸ ಮುಂದೆ ಹೋಗುವುದಿಲ್ಲ. ಬಾಗಿಲಲ್ಲಿ ನಿಂತು ಜನರನ್ನು ಒಳಗೆ ಕರೆಯುವ ವಾದ್ಯ ಅದು. ವಿಮಾನದ ಬಾಗಿಲಿಗೂ ಸರಿ.

ಫ್ಲೈಟ್‌ಗಿಯರ್‌ನ ಷರತ್ತು ಇಲ್ಲಿ ಹಾಕಿ: ಪಾರ್ಕಿಂಗ್ ಬ್ರೇಕ್ ಹಾಕಿರ್ಬೇಕು, ಇಂಜಿನ್ ಬಂದ್ ಇರ್ಬೇಕು. ಬ್ರೇಕ್ ಬಿಟ್ಟ ಕೂಡಲೇ ಹಾಡು ತನ್ನಿಂದ ತಾನೇ ನಿಲ್ತದೆ. ಶಬ್ದ ಕ್ಯಾಬಿನ್ ಸ್ಪೀಕರಿನಿಂದ ಬಂದ ಹಾಗೆ ಕೇಳ್ಬೇಕಾದ್ರೆ ಫೈಲ್ ಮೋನೋ ಇರಲಿ. ಸ್ಟೀರಿಯೋ ಕೊಟ್ಟರೆ ಎಲ್ಲಿಂದ ಬರ್ತದೆ ಅಂತ ಕಿವಿಗೆ ಗೊತ್ತಾಗುವುದಿಲ್ಲ. ಹಾಡು ಮುಗಿದ ಮೇಲೆ ತುಳುವಿನಲ್ಲಿ ಎರಡು ಮಾತಿನ ಘೋಷಣೆ ಸೇರಿಸಿ. 2022ರ ಕೊನೆಗೆ ಮುಂಬೈ-ಮಂಗಳೂರು ವಿಮಾನದಲ್ಲಿ ಪೈಲಟ್ ತುಳುವಿನಲ್ಲಿ ಮಾತಾಡಿದ ವೀಡಿಯೊ ನಮ್ಮೆಲ್ಲರ ಫೋನಿಗೆ ಎಷ್ಟು ಸಲ ಬಂತು, ನೆನಪುಂಟಾ?

ಚಕ್ರ ಇಳಿಸುವಾಗ ಹಾಡು ಬೇಕೇ ಬೇಕು ಅನ್ನುವವರು ಅದನ್ನು ಸಣ್ಣ ವಿಮಾನಕ್ಕೆ, ಖಾಲಿ ಸಮುದ್ರದ ಮೇಲೆ ಇಟ್ಕೊಳ್ಳಿ. ನಗಲಿಕ್ಕೂ ಒಂದು ಜಾಗ ಬೇಕು.

(6/6)

ಕೊನೆಯದು, ಯಾರ ಹಾಡು?

ಯೂಟ್ಯೂಬಿನಿಂದ ಇಳಿಸಿ, ಕತ್ತರಿಸಿ, ಮಾಡ್‌ಗೆ ಹಾಕಿ ಹಂಚುವುದು ಎಲ್ಲರೂ ಮಾಡ್ತಾರೆ. ಆದರೆ ಧ್ವನಿಮುದ್ರಣಕ್ಕೆ ನಮ್ಮ ಕಾನೂನಿನಲ್ಲಿ 60 ವರ್ಷದ ಹಕ್ಕು ಉಂಟು, ನುಡಿಸಿದವರಿಗೆ ಬೇರೆಯೇ ಹಕ್ಕು. ನಮ್ಮ ಕಡೆಯವರಿಗೆ ಇದು ಪಾಠದ ಪುಸ್ತಕದ ವಿಷಯ ಅಲ್ಲ. 2022ರಲ್ಲಿ ಕಾಂತಾರದ "ವರಾಹ ರೂಪಂ" ಮೇಲೆ ಕೇರಳದ ಥೈಕ್ಕುಡಂ ಬ್ರಿಡ್ಜ್ ಬ್ಯಾಂಡ್ ಕೇಸು ಹಾಕಿ, ಸಿನಿಮಾ ಒಟಿಟಿಗೆ ಬರುವಾಗ ಆ ಜಾಗದಲ್ಲಿ ಬೇರೆ ಟ್ಯೂನ್ ಕೇಳಿದ್ದು ನೆನಪಿರಬಹುದು. ಅಷ್ಟು ದೊಡ್ಡ ಸಿನಿಮಾಕ್ಕೇ ಹಾಗಾದರೆ ನಿಮ್ಮ ಜಿಪ್ ಫೈಲ್ ಯಾವ ಲೆಕ್ಕ?

ಮತ್ತೆ ದಯವಿಟ್ಟು, ಪಾಡ್ದನ ಬೇಡ, ದೈವದ ನುಡಿ ಬೇಡ. ನೇಮದಲ್ಲಿ ಫೋನಿನಲ್ಲಿ ರೆಕಾರ್ಡ್ ಮಾಡಿದ್ದನ್ನು ತಂದು ಟೇಕಾಫ್‌ಗೆ ಹಾಕುವುದು ನನಗೆ ಒಪ್ಪಿಗೆ ಇಲ್ಲ. ಕಾನೂನು ಏನು ಹೇಳ್ತದೆ ಅಂತ ಇಲ್ಲಿ ನೋಡ್ಬೇಕಾಗಿಲ್ಲ. ಅಲ್ಲಿ ಕೈಮುಗಿದು ನಿಂತವರು ಅದನ್ನು ನಿಮ್ಮ ಆಟಕ್ಕೆ ಅಂತ ಕೊಟ್ಟಿರಲಿಲ್ಲ. 2025ರಲ್ಲಿ ಚಿತ್ರಮಂದಿರದ ಒಳಗೆ ದೈವದ ಅನುಕರಣೆ ಶುರುವಾದಾಗ ಸಿನಿಮಾ ಮಾಡಿದ ಹೊಂಬಾಳೆಯವರೇ "ಹಾಗೆ ಮಾಡಬೇಡಿ" ಅಂತ ಕೇಳಿಕೊಳ್ಳಬೇಕಾಯಿತು.

ಬದಲಿಗೆ ಹೀಗೆ ಮಾಡಿ ನೋಡಿ. ನಿಮ್ಮೂರಲ್ಲಿ ಸ್ಯಾಕ್ಸೋಫೋನ್ ನುಡಿಸುವ ಅಣ್ಣ ಒಬ್ಬರು ಖಂಡಿತ ಇರ್ತಾರೆ. ಸೀಸನ್ ಮುಗಿದು ಮಳೆಗಾಲ ಬಂದರೆ ಅವರಿಗೂ ಪುರುಸೊತ್ತು. ಹೋಗಿ, ಆಟ ಏನು ಅಂತ ಲ್ಯಾಪ್‌ಟಾಪ್‌ನಲ್ಲಿ ತೋರಿಸಿ, ಎರಡು ನಿಮಿಷ ನುಡಿಸ್ತೀರಾ ಅಂತ ಕೇಳಿ. ಏನಾದರೂ ಕೊಡಿ, ಬರೀ ಚಹಾದಲ್ಲಿ ಮುಗಿಸಬೇಡಿ. ಕೋಣೆಯ ಕಿಟಕಿ ಹಾಕಿ, ಫ್ಯಾನ್ ಆಫ್ ಮಾಡಿ, ಫೋನನ್ನು ವಾದ್ಯದ ಬಾಯಿಯ ನೇರಕ್ಕೆ ಇಡದೆ ಸ್ವಲ್ಪ ಓರೆಗೆ ಇಟ್ಟು ರೆಕಾರ್ಡ್ ಮಾಡಿ. ಮಾಡ್‌ನ ಜೊತೆ ಹಾಕುವ ಫೈಲಿನಲ್ಲಿ ಅವರ ಹೆಸರು ಮೊದಲು ಬರಲಿ, ನಿಮ್ಮದು ಆಮೇಲೆ.

ಮಾಡಿದವರು ಕಳಿಸಿ, ಡಿಎಂ ತೆರೆದಿರ್ತೇನೆ. ಬಂಟ್ವಾಳದ್ದೋ ಬೆಳ್ತಂಗಡಿಯದ್ದೋ ಮೂಡುಬಿದಿರೆಯದ್ದೋ ಅಂತ ಬರೀರಿ. ವಿಮಾನ ನಿಂತಿರುವಾಗ ಹಾಕಿ ಕೇಳ್ತೇನೆ.