ಸದ್ದಿನ ತಪ್ಪು ಯಾರ ತಲೆಗೆ?

ಮೇಲಿನ ಮನೆಯವರು ರಾತ್ರಿ ಹನ್ನೊಂದಕ್ಕೆ ಕುರ್ಚಿ ಎಳೆಯುತ್ತಾರೆ, ಮಕ್ಕಳು ಧಡಧಡ ಓಡುತ್ತಾರೆ, ಬೆಳಗಿನ ಜಾವವೇ ಮಿಕ್ಸಿ ಶುರು. ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಈ ದೂರಿಗೆ ಬಿಡುವೇ ಇಲ್ಲ. ಸಂಘದವರು ನೋಟಿಸ್ ಅಂಟಿಸುತ್ತಾರೆ, ದಂಡದ ಮಾತಾಡುತ್ತಾರೆ. ಮೇಲಿರುವವರು ಬಾಡಿಗೆಯ ಬ್ಯಾಚುಲರ್ ಹುಡುಗರಾದರೆ ಮನೆ ಖಾಲಿ ಮಾಡಿಸುವವರೆಗೂ ಮಾತು ಬೆಳೆಯುತ್ತದೆ. ನಾಲ್ಕು ವರ್ಷದ ಮಗು ತನ್ನ ಮನೆಯೊಳಗೆ ಓಡುವುದನ್ನು ಅಪರಾಧವೆಂದು ನಾನು ಒಪ್ಪಲಾರೆ. ಅಷ್ಟು ಪುಟ್ಟ ಪಾದದ ಸದ್ದು ಕೆಳಗಿನವರ ನಿದ್ದೆ ಕೆಡಿಸುವ ಹಾಗೆ ಮನೆ ಕಟ್ಟಿ ಮಾರಿದವರನ್ನು ಕೇಳುವವರು ಯಾರು?

ಮಾತು, ಟಿವಿಯ ಸದ್ದು ಗಾಳಿಯಲ್ಲಿ ಬರುತ್ತದೆ. ಗೋಡೆ ಭಾರವಾಗಿದ್ದರೆ ಬಹುಮಟ್ಟಿಗೆ ತಡೆಯುತ್ತದೆ. ಹೆಜ್ಜೆ, ಕೈಜಾರಿದ ಪಾತ್ರೆ, ಎಳೆದ ಮಂಚ ಹಾಗಲ್ಲ, ಕಟ್ಟಡದ ಮೈಗೇ ಬಡಿಯುತ್ತವೆ. ಈಗಿನ ಎತ್ತರದ ಕಟ್ಟಡಗಳಲ್ಲಿ ಮೈವಾನ್ ಎಂದು ಕರೆಯುವ ಅಲ್ಯೂಮಿನಿಯಂ ಅಚ್ಚು ನಿಲ್ಲಿಸಿ ಗೋಡೆಗೂ ಸ್ಲ್ಯಾಬಿಗೂ ಒಟ್ಟಿಗೇ ಕಾಂಕ್ರೀಟ್ ಸುರಿಯುತ್ತಾರೆ. ಕೆಲಸ ಬೇಗ ಮುಗಿಯುತ್ತದೆ. ಆದರೆ ಎಲ್ಲವೂ ಒಂದೇ ಎರಕವಾದ್ದರಿಂದ ಬಡಿತ ಗೋಡೆಗುಂಟ ಇಳಿದು ಪಕ್ಕದ ಮನೆಗೂ ಎರಡು ಮಹಡಿ ಕೆಳಗೂ ಕೇಳಬಹುದು. ಸದ್ದು ಎಲ್ಲಿಯದೆಂದು ತಿಳಿಯದೆ ಎಷ್ಟೋ ಸಲ ತಪ್ಪು ಮನೆಯ ಬಾಗಿಲು ಬಡಿಯುತ್ತೇವೆ. ಆ ಸ್ಲ್ಯಾಬಿನ ಮೇಲೆ ಗಾರೆ, ಗಾರೆಯ ಮೇಲೆ ವಿಟ್ರಿಫೈಡ್ ಟೈಲ್. ನಡುವೆ ಮೆತ್ತನೆಯದು ಏನೂ ಇಲ್ಲ. ರಬ್ಬರಿನದೋ ಫೋಮಿನದೋ ಒಂದು ಪದರ ಹಾಸಿ ಅದರ ಮೇಲೆ ನೆಲ ಮಾಡಿದ್ದರೆ ಬಡಿತ ಅಲ್ಲೇ ಒಂದಷ್ಟು ತಗ್ಗುತ್ತಿತ್ತು. ಮೇಲಿನ ಬಚ್ಚಲಿನ ಪೈಪು ಕೆಳಮನೆಯ ಫಾಲ್ಸ್ ಸೀಲಿಂಗಿನೊಳಗೆ ಹಾಯುವುದು, ಮಲಗುವ ಕೋಣೆಯ ಗೋಡೆಗೇ ಲಿಫ್ಟ್ ತಾಗಿರುವುದು ಕೂಡ ನಕ್ಷೆ ಬರೆಯುವಾಗಲೇ ತೀರ್ಮಾನವಾದವು.

ದಕ್ಷಿಣ ಕೊರಿಯಾ ಈ ಪಾಠವನ್ನು ಕಷ್ಟಪಟ್ಟು ಕಲಿತಿದೆ. ಅಲ್ಲಿ ಅರ್ಧಕ್ಕಿಂತ ಹೆಚ್ಚು ಕುಟುಂಬಗಳಿರುವುದು ಅಪಾರ್ಟ್‌ಮೆಂಟುಗಳಲ್ಲಿ. ಕಟ್ಟಡಗಳೂ ಬಹುತೇಕ ಕಾಂಕ್ರೀಟ್ ಗೋಡೆಗಳೇ ಭಾರ ಹೊರುವಂಥವು. ಮಹಡಿಗಳ ನಡುವಿನ ಸದ್ದಿಗೆ ನೆರೆಹೊರೆಯವರ ನಡುವೆ ಕೊಲೆಗಳೇ ಆಗಿವೆ. ಸ್ಲ್ಯಾಬ್ 210 ಮಿಲಿಮೀಟರ್ ದಪ್ಪ ಇರಬೇಕೆಂದು ನಿಯಮ ಮಾಡಿದರು. ಆದರೂ 2019ರಲ್ಲಿ ಸರ್ಕಾರದ ಲೆಕ್ಕಪರಿಶೋಧಕರು 191 ಹೊಸ ಮನೆಗಳಲ್ಲಿ ಅಳೆದಾಗ 184ರಲ್ಲಿ ಸದ್ದು ತಡೆಯುವ ಶಕ್ತಿ ಪ್ರಮಾಣಪತ್ರದಲ್ಲಿ ಹೇಳಿದ್ದಕ್ಕಿಂತ ಕಡಿಮೆ ಇತ್ತು. ಪ್ರಮಾಣಪತ್ರ ಸಿಕ್ಕಿದ್ದು ಮಾದರಿ ನೆಲಕ್ಕೆ, ಜನ ವಾಸಿಸಿದ್ದು ಬೇರೆ ನೆಲದ ಮೇಲೆ. ಆಮೇಲೆ 2022ರಿಂದ, ಕಟ್ಟಿ ಮುಗಿದ ಕೆಲವು ಮನೆಗಳನ್ನು ಆರಿಸಿ, ಜನ ಒಕ್ಕಲು ಬರುವ ಮೊದಲೇ ಅಳೆಯುವ ಪದ್ಧತಿ ಬಂತು. ಮಿತಿ 49 ಡೆಸಿಬೆಲ್.

ನಮ್ಮಲ್ಲಿ 2000ದ ಶಬ್ದಮಾಲಿನ್ಯ ನಿಯಮ ವಸತಿ ಪ್ರದೇಶಕ್ಕೆ ರಾತ್ರಿ 45 ಡೆಸಿಬೆಲ್ ಮಿತಿ ಹಾಕಿದೆ. ಅದು ನೋಡುವುದು ಹೊರಗಿನ ವಾತಾವರಣವನ್ನು, ಸ್ಲ್ಯಾಬ್ ದಾಟಿ ಬರುವ ಹೆಜ್ಜೆಯನ್ನಲ್ಲ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಶಬ್ದ ನಿಯಂತ್ರಣಕ್ಕೇ ಒಂದು ಭಾಗವಿದೆ. ಸ್ಥಳೀಯ ಬೈಲಾ ಅಳವಡಿಸಿಕೊಳ್ಳದಿದ್ದರೆ ಅದು ಬರೀ ಸಲಹೆ. ಓಸಿ (ವಾಸಕ್ಕೆ ಅನುಮತಿಯ ಪತ್ರ) ಕೊಡುವ ಮುನ್ನ ಕೆಲವು ಮನೆಗಳಲ್ಲಾದರೂ ನೆಲ, ಗೋಡೆಗಳ ಪರೀಕ್ಷೆ ಕಡ್ಡಾಯವಾಗಬೇಕು, ಬಂದ ಅಂಕಿ ಕೊಳ್ಳುವವರ ಕೈಗೆ ಸಿಗಬೇಕು. ರೇರಾ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಕೆಲಸದ ಗುಣಮಟ್ಟದಲ್ಲಿ ದೋಷವಿದ್ದರೆ ಸ್ವಾಧೀನ ಕೊಟ್ಟ 5 ವರ್ಷದವರೆಗೆ ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು. ಸದ್ದು ತಡೆಯದ ನೆಲವೂ ಅಂಥ ದೋಷವೇ ಎಂದು ನಿಯಮದಲ್ಲಿ ಬರೆಯಲಿ.

ಬೆಲೆ ಏರುತ್ತದೆ ಎಂದು ಬಿಲ್ಡರ್‌ಗಳು ಹೇಳುತ್ತಾರೆ. ಟೈಲ್ ಹಾಕುವ ಮೊದಲು ಒಂದು ಪದರ ಹಾಸುವ ಖರ್ಚನ್ನು, ಹಾಕಿದ ಟೈಲ್ ಕಿತ್ತು ಹಾಸುವ ಖರ್ಚಿನ ಪಕ್ಕದಲ್ಲಿಟ್ಟು ನೋಡಲಿ. ಅದೂ ಕೆಳಗಿನವರು ದುಡ್ಡು ಕೊಡುತ್ತೇನೆಂದರೂ ಆಗುವ ಕೆಲಸವಲ್ಲ, ಕೀಳಬೇಕಾದ ನೆಲ ಇರುವುದು ಮೇಲಿನವರ ಮನೆಯಲ್ಲಿ.